ಇದ್ದಲಿ ಇಸ್ತ್ರಿ ಹ್ಯಾಂಗ ಕಾಯಿಸಬೇಕು

ಮನ್ಯಾಗ ಹಳೇ ಇದ್ದಲಿ ಇಸ್ತ್ರಿ ಇದ್ರ ಗುಜರಿಗೆ ಹಾಕಬ್ಯಾಡ್ರಿ. ನಮ್ಮ ಕಲಬುರಗಿ ಬ್ಯಾಸಗಿಯೊಳಗ ಕರೆಂಟ್ ಹೋದ್ರ ಯಾವಾಗ ಬರ್ತದೋ ಹೇಳಲಿಕ್ಕಾಗಲ್ಲ. ಮುಂಜಾನಿ ಲಗ್ನಕ್ಕ ಹೊಂಟವರಿಗೆ ಅದೇ ಆಸರ. ಗಂಜಿ ಹಾಕಿದ ಧೋತರಕ್ಕಂತೂ ಅದರ ಭಾರಕ್ಕ ಬೀಳೋ ಗೆರಿ ಈಗಿನ ಹಗುರ ಇಸ್ತ್ರಿಗೆ ಬೀಳಲ್ಲ.

ಎಲ್ಲಾ ಇರೋದು ಕೆಂಡದಾಗ. ಪೆಟ್ಟಿಗಿಯೊಳಗ ಕರೀ ಇದ್ದಲಿ ತುಂಬಿ, ಚಿಮಣಿ ಎಣ್ಣಿ ಸುರಿದು ಕಡ್ಡಿ ಗೀರಬ್ಯಾಡ್ರಿ. ಆ ವಾಸನಿ ಬಟ್ಟಿಗೆ ಹತ್ತಿದ್ರ ಬಿಡಲ್ಲ. ಹೊರಗ ಶೇಗಡಿಯೊಳಗ ಹೊತ್ತಿಸಿ, ಹೊಗಿ ಪೂರಾ ನಿಂತು, ಕೆಂಡದ ಮ್ಯಾಗ ತೆಳ್ಳಗ ಬಿಳಿ ಬೂದಿ ಕೂಡೋತನಕ ತಡೀರಿ. ಆಮ್ಯಾಲ ಚಿಮಟಾದಿಂದ ಒಂದೊಂದೇ ಎತ್ತಿ, ಬೂದಿ ಝಾಡಿಸಿ, ಪೆಟ್ಟಿಗಿಗೆ ಹಾಕ್ರಿ. ಜಾಲಿ ಕಟಗಿ ಇದ್ದಲಿ ಸಿಕ್ರ ಬಿಡಬ್ಯಾಡ್ರಿ, ಅದು ಗಟ್ಟಿ, ಬಹಳ ಹೊತ್ತು ಕಾವು ಹಿಡೀತದ. ತೇವ ಇದ್ದಿದ್ದು ಚಟಚಟ ಸಿಡೀತದ. ಮುಚ್ಚಳ ಹಾಕಿ ಕೊಂಡಿ ಬಿಗಿ ಮಾಡಿ, ಅಂಗಳಕ್ಕ ಹೋಗಿ ಹಿಂದ ಮುಂದ ನಾಕು ಸಲ ತೂಗ್ರಿ. ಬದಿ ತೂತಿನ್ಯಾಗ ಗಾಳಿ ಹೊಕ್ಕು ಕೆಂಡ ಕೆಂಪಗ ಆಗ್ತದ, ಸಡಿಲ ಬೂದಿ ಹೊರಗೇ ಉದುರ್ತದ.

ಮುಚ್ಚಿದ ಖೋಲಿಯೊಳಗ ಮಾತ್ರ ಇದನ್ನ ಹಚ್ಚಲೇಬ್ಯಾಡ್ರಿ. ಇದ್ದಲಿ ಉರಿದ್ರ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನಿ ಇಲ್ಲ, ಜೀವಾನೇ ತಗೀತದ. ಪಡಸಾಲಿಯೊಳಗ, ಕಿಟಕಿ ಬಾಗಲ ತೆಗೆದು ಕೂಡ್ರಿ. ಫ್ಯಾನ್ ಬ್ಯಾಡ, ಬೂದಿ ಹಾರಿ ಬಿಳೀ ಅಂಗಿ ಮ್ಯಾಗ ಕೂಡ್ತದ.

ತಳಕ್ಕ ಒಂದು ಹನಿ ನೀರು ಚಿಮುಕಿಸ್ರಿ. ಹನಿ ಅಲ್ಲೇ ಕುಂತು ಸಾವಕಾಶ ಆರಿದ್ರ ಇನ್ನೂ ಕಾದಿಲ್ಲ. ಚುಂಯ್ ಅಂತ ಜಿಗಿದ್ರ ಕಾದದ. ಈ ಇಸ್ತ್ರಿಗೆ ಕಾವು ಇಳಿಸೋ ಗುಂಡಿ ಇಲ್ಲಲ್ಲ, ಅದಕ್ಕ ಬಟ್ಟಿ ಸರದಿ ನೀವೇ ಮಾಡ್ಕೋಬೇಕು. ಮೊದಲ ಧೋತರ, ದಪ್ಪನ ಹತ್ತಿ ಸೀರಿ. ಕಾವು ಇಳೀತಾ ಬಂದಾಗ ರೇಶ್ಮಿ, ಅದೂ ಒಳಮೈ ತಿರುವಿ, ಮ್ಯಾಗ ತೆಳು ಬಟ್ಟಿ ಹಾಸಿ. ಟೆರಿಕಾಟ್ ತೀರಾ ಕಡಿಗೆ.

ಹಿಂದ ಇಸ್ತ್ರಿ ಇಲ್ಲದವರು ಹಿತ್ತಾಳಿ ತಂಬಿಗಿಯೊಳಗ ಕೆಂಡ ಹಾಕಿ ಅದರ ತಳದಿಂದಲೇ ಅಂಗಿ ತೀಡ್ತಿದ್ರು. ಪರದೇಶದಾಗ ಗಟ್ಟಿ ಕಬ್ಬಿಣದ ಇಸ್ತ್ರಿ, ಒಂದು ಒಲಿ ಮ್ಯಾಗ ಕಾಯೋತನಕ ಇನ್ನೊಂದು ಕೈಯಾಗ. ಹಿಡಿಕಿನೂ ಸುಡ್ತಿತ್ತು, 1871ರಾಗ ಅಮೆರಿಕಾದ ಮೇರಿ ಪಾಟ್ಸ್ ಅನ್ನೋ ಹೆಣ್ಣುಮಗಳು ತೆಗೆದು ಹಾಕೋ ಕಟಗಿ ಹಿಡಿಕಿಗೆ ಪೇಟೆಂಟ್ ಪಡೆದಳು. ಕೈ ಸುಟ್ಕೊಂಡವರಿಗೇ ಹೊಳೆಯೋ ವಿಚಾರ ಅದು.

ಕೆಲಸ ಮುಗಿದ ಮ್ಯಾಲ ಬೂದಿ ಒಳಗ ಬಿಡಬ್ಯಾಡ್ರಿ, ಥಂಡಿ ಹೀರಿ ಕಬ್ಬಿಣ ತಿಂತದ. ಕೆಂಡ ಪೂರಾ ಆರಿದ್ದು ನೋಡಿಯೇ ಚೆಲ್ರಿ. ಹಿತ್ತಾಳಿ ಇದ್ರ ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕಿ ತೊಳೆದು ಬಿಸಲಿಗಿಡ್ರಿ. ಕಬ್ಬಿಣದ ತಳಕ್ಕ ತುಸು ಕೊಬ್ಬರಿ ಎಣ್ಣಿ ಸವರಿ ಇಡ್ರಿ, ಮುಂದಿನ ಸಲ ಒರೆಸಿಯೇ ಬಳಸ್ರಿ, ಇಲ್ಲಾಂದ್ರ ಮೊದಲನೇ ಅಂಗಿಗೇ ಕಲಿ ಬೀಳ್ತದ.