ಗ್ಲೌಸ್ ಎಷ್ಟು ಸರಿಯಿತು?

ಮಗ ಲಿಟಲ್ ಲೀಗ್‌ನಲ್ಲಿ, ಅಂದರೆ ಮಕ್ಕಳ ಬೇಸ್‌ಬಾಲ್‌ನಲ್ಲಿ, ಪಿಚರ್ (ಚೆಂಡು ಎಸೆಯುವವನು) ಆದ ವರ್ಷ ಹಾಸನದಲ್ಲಿರುವ ಅಪ್ಪ ಒಂದು ಹಟ ಹಿಡಿದರು. ಮೊಮ್ಮಗನ ಆಟದ ಕಾಮೆಂಟರಿ ಫೋನಿನಲ್ಲಿ ಬೇಕು. ವಿಡಿಯೋ ಬೇಡ, ಕಣ್ಣು ಮಂಜು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಶನಿವಾರ ಬೆಳಗ್ಗೆ 10 ಗಂಟೆ ಅಂದರೆ ಅಲ್ಲಿ ರಾತ್ರಿ ಹತ್ತೂವರೆ. ರೇಡಿಯೋದಲ್ಲಿ ಟೆಸ್ಟ್ ಮ್ಯಾಚ್ ಕೇಳಿ ಬೆಳೆದ ಮನುಷ್ಯ. ಸುಮ್ನೆ "ಚೆನ್ನಾಗಿ ಆಡಿದ" ಅಂದರೆ ಬಿಡುತ್ತಾರಾ?

ಮೊದಲ ದಿನ ಪೂರ್ತಿ ಕೈಕೊಟ್ಟಿತು. "ಎಸೆದ, ಸ್ಟ್ರೈಕ್" ಅಂದೆ, ಚೆಂಡು ಸರಿಯಾದ ಜಾಗಕ್ಕೆ ಬಂದರೂ ಬ್ಯಾಟರ್ ಹೊಡೆಯಲಿಲ್ಲ ಅಂತ. "ಎಲ್ಲಿ ಬಿತ್ತು?" ಅಂದರು. ಬೀಳುವುದಿಲ್ಲಪ್ಪಾ, ನೇರ ಕೀಪರ್ ಕೈಗೆ. "ಎಲ್ಲಾ ಫುಲ್‌ಟಾಸ್ ಅಂದ್ರೆ ಅದ್ಯಾವ ಸೀಮೆ ಬೌಲಿಂಗೋ!"

ಈ ವಿಷಯದಲ್ಲಿ ನನಗೆ ಮೇಷ್ಟ್ರು ಮೈಕ್ ಕ್ರೂಕೊ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಆಟಗಳಿಗೆ ಟಿವಿಯಲ್ಲಿ ಮಾತಾಡುವವರು. 1976ರಿಂದ 1989ರವರೆಗೆ ಕಬ್ಸ್, ಫಿಲೀಸ್, ಜೈಂಟ್ಸ್ ತಂಡಗಳಿಗೆ ಪಿಚರ್ ಆಗಿದ್ದರು. 1986ರಲ್ಲಿ 20 ಆಟ ಗೆದ್ದರು. ಒಟ್ಟು ಲೆಕ್ಕ 124 ಗೆಲುವು, 117 ಸೋಲು. ಆ 117ರಿಂದಲೇ ಇವರ ಮಾತು ರುಚಿ ಅಂತ ನನಗನ್ನಿಸುತ್ತದೆ. ಜೊತೆಗೆ ಕೂರುವ ಡ್ವೇನ್ ಕೈಪರ್ ಇಡೀ ವೃತ್ತಿಯಲ್ಲಿ ಹೊಡೆದದ್ದು ಒಂದೇ ಹೋಮ್ ರನ್ (ನಮ್ಮ ಸಿಕ್ಸರ್ ತರಹ), 1977ರಲ್ಲಿ. ಅದನ್ನು ಹೊಡೆಸಿಕೊಂಡ ಪಿಚರ್ ಸ್ಟೀವ್ ಸ್ಟೋನ್ ಕೂಡ ಮುಂದೆ ಕಾಮೆಂಟೇಟರ್ ಆದರು! ಹೊಡೆದವರೂ ಹೊಡೆಸಿಕೊಂಡವರೂ ಇಬ್ಬರೂ ಮೈಕ್ ಹಿಡಿದರು.

ಏನಾಯಿತು ಅಂತ ಕೈಪರ್ ಹೇಳುತ್ತಾರೆ. ಪಿಚರ್ ಎಸೆಯುವ ಮೊದಲೇ ಕ್ರೂಕೊ ಕಣ್ಣು ಕ್ಯಾಚರ್ (ನಮ್ಮ ಕೀಪರ್) ಮೇಲಿರುತ್ತದೆ. ಗ್ಲೌಸ್ ಎಲ್ಲಿ ಇಟ್ಟಿದ್ದಾನೆ? ಚೆಂಡು ಬಂದಾಗ ಅದು ಅಲ್ಲೇ ಇತ್ತಾ, ಅಡ್ಡ ಸರಿಯಿತಾ? ಸರಿದರೆ ಪಿಚರ್ ಗುರಿ ತಪ್ಪಿದ ಅಂತ. ಅಪ್ಪನ "ಎಲ್ಲಿ ಬಿತ್ತು"ಗೆ ಉತ್ತರ ಸಿಕ್ಕಿತು.

ಮುಂದಿನ ಶನಿವಾರದಿಂದ ಗ್ಲೌಸ್ ಕಾಮೆಂಟರಿ. "ಗ್ಲೌಸ್ ಮೊಣಕಾಲ ಹತ್ತಿರ, ಹೊರಗಡೆ. ಎಸೆದ. ನಾಲ್ಕು ಬೆರಳು ಒಳಗೆ ಬಂತು." ಅಳತೆಗೆ ಇಂಚು ಬಿಟ್ಟೆ. ಬೆರಳು, ಗೇಣು ಅಂದರೆ ಅಪ್ಪನಿಗೆ ಕಣ್ಣಿಗೆ ಕಟ್ಟುತ್ತದೆ. ಪದಗಳದ್ದು ಬೇರೆ ತಾಪತ್ರಯ. "ಬಾಲ್ ಬಾಲ್ ಆಯ್ತು" ಅಂದರೆ ಯಾರಿಗೆ ಅರ್ಥವಾದೀತು? ಹಾಗಾಗಿ ಕೈಯಲ್ಲಿರುವುದು ಚೆಂಡು, ಸರಿಯಾದ ಜಾಗದಿಂದ ಆಚೆ ಹೋಗಿ ಬ್ಯಾಟರ್ ಬಿಟ್ಟ ಎಸೆತಕ್ಕೆ ಅಂಪೈರ್ ಕೊಡುವುದು ಬಾಲ್. "ಪಿಚ್ ಮಾಡಿದ" ಅಂತ ಅಪ್ಪಿತಪ್ಪಿಯೂ ಅನ್ನುವುದಿಲ್ಲ. ಅಪ್ಪನಿಗೆ ಅದು ನೆಲಕ್ಕೆ ಬಿದ್ದ ಹಾಗೆ. ಚೇಂಜಪ್ ಮಾತ್ರ ಸಲೀಸು. ಕೈ ಅದೇ ವೇಗ, ಚೆಂಡು ನಿಧಾನ. "ಸ್ಲೋ ಬಾಲ್ ಅನ್ನು, ಮುಗೀತು" ಅಂದರು.

ಬಾಯಿ ಮುಚ್ಚಿಕೊಳ್ಳುವುದು ನನಗಿನ್ನೂ ಬಂದಿಲ್ಲ. ಒಮ್ಮೆ "ತೋಳು ಕೆಳಗೆ ಬೀಳ್ತಿದೆ, ಸುಸ್ತಾಗಿದ್ದಾನೆ" ಅಂತ ಜೋರಾಗಿ ಹೇಳಿಬಿಟ್ಟೆ. 46 ಅಡಿ ಆಚೆಯ ಬ್ಯಾಟರ್‌ಗೆ ಕನ್ನಡ ಬರಲ್ಲ. ಮಗನಿಗೆ ಬರುತ್ತದಲ್ಲ! ಕಾರಿನಲ್ಲಿ ಮನೆ ತಲುಪುವವರೆಗೂ ಮಾತಿಲ್ಲ. ಈಗ ಔಟ್‌ಫೀಲ್ಡ್ ಬೇಲಿಯ ಹೊರಗೆ ನಿಂತು ಹೇಳುತ್ತೇನೆ. ಗ್ಲೌಸ್ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಅವನ ವಯಸ್ಸಿಗೆ ದಿನಕ್ಕೆ 85 ಎಸೆತ ಮಿತಿ. ಆ ಲೆಕ್ಕ ಅಪ್ಪನದು.

ಹೋದ ವಾರ ಮೂರು ಬಾಲ್, ಎರಡು ಸ್ಟ್ರೈಕ್. ಗ್ಲೌಸ್ ಮೂಲೆಯಲ್ಲಿ. ಎಸೆದ. ಬಾಲ್. ನಾಲ್ಕು ಬಾಲ್ ಆದರೆ ಬ್ಯಾಟರ್‌ಗೆ ಬೇಸ್ ಬಿಟ್ಟಿ, ನಡೆದುಕೊಂಡೇ ಒಂದನೇ ಬೇಸ್‌ಗೆ ಹೋದ.

"ಗ್ಲೌಸ್ ಎಷ್ಟು ಸರೀತು?"

"ಒಂದು ಗೇಣು."

"ಗೇಣು ತಾನೆ. ಮುಂದಿನವನು ಎಡಗೈನೋ ಬಲಗೈನೋ, ಹೇಳು."