ಮಧ್ಯಾಹ್ನ ಬಿಸಿಲು, ಸಂಜೆ ಸಿಡಿಲು: ಹೊಲಕ್ಕೆ ಹೋಗುವವರು ಒಮ್ಮೆ ಓದಿ

ಏಪ್ರಿಲ್, ಮೇ ಬಂತೆಂದರೆ ನಮ್ಮ ಕಲಬುರಗಿ, ರಾಯಚೂರು ಕಡೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಥ ದಿನವೇ ಸಂಜೆ ದಿಢೀರನೆ ದೂಳು, ಗಾಳಿ, ಗುಡುಗು ಬರುವುದೂ ಉಂಟು.

ಹವಾಮಾನ ಇಲಾಖೆಯ ಎಚ್ಚರಿಕೆ ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ಸಜ್ಜಾಗಿ, ಕೆಂಪು ಅಂದರೆ ಕೂಡಲೇ ಸುರಕ್ಷಿತ ಜಾಗ ನೋಡಿಕೊಳ್ಳಿ ಅಂತ ಅರ್ಥ. ಆದರೆ ಅದು ಇಡೀ ಜಿಲ್ಲೆಗೆ ಹೇಳುವ ಮಾತು. ನೀವಿರುವ ಜಾಗದ ಸುತ್ತ ಸಿಡಿಲು ಬರುತ್ತಿದೆಯಾ ಅಂತ ತಿಳಿಯಲು ದಾಮಿನಿ ಆ್ಯಪ್ ಹಾಕಿಕೊಳ್ಳಿ. ಪುಕ್ಕಟೆ. ಲೊಕೇಶನ್ ಆನ್ ಇರಬೇಕು, ಇಲ್ಲದಿದ್ದರೆ ಇದ್ದೂ ಉಪಯೋಗವಿಲ್ಲ.

ನೆಟ್‌ವರ್ಕ್ ಇಲ್ವಾ? ಎಣಿಸಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಷ್ಟು ಸೆಕೆಂಡ್ ಆಯಿತೋ ಅದನ್ನು 3ರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಅಂತ ಗೊತ್ತಾಗುತ್ತದೆ. 30 ಸೆಕೆಂಡಿಗಿಂತ ಕಡಿಮೆಯಾದರೆ ಕೆಲಸ ಬಿಟ್ಟು ನಡೆಯಿರಿ. ಇನ್ನೊಂದು ಸಾಲು ಮುಗಿಸಿಬಿಡೋಣ ಅನ್ನುತ್ತೇವೆ ನೋಡಿ, ಅದೇ ಅಪಾಯ. ಬೇವಿನ ಮರ, ತೆರೆದ ಶೆಡ್ಡು, ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಯಾವುದೂ ಆಸರೆಯಲ್ಲ. ಪಕ್ಕಾ ಮನೆ ಅಥವಾ ಗಾಜು ಏರಿಸಿದ ಕಾರು ಆಗಬಹುದು. ತಂತಿ ಬೇಲಿ, ಪಂಪ್‌ಸೆಟ್ ಮುಟ್ಟಬೇಡಿ. ಮಳೆ ನಿಂತಿತು ಅಂತ ಓಡಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗಲಿ.

ಮನೆಯಲ್ಲಿ ಉಬ್ಬಸದವರಿದ್ದರೆ ಸಮೀರ್ ಆ್ಯಪ್‌ನಲ್ಲಿ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳುವ ಅಂಕಿ, ನೋಡಿ. 200 ದಾಟಿದರೆ ಅವರು ಹೊರಗೆ ಜಾಸ್ತಿ ಓಡಾಡದಿರುವುದು ಒಳ್ಳೆಯದು. ನಮ್ಮ ಹಳ್ಳಿಗಳ ಹತ್ತಿರ ಅಳೆಯುವ ಕೇಂದ್ರಗಳು ಕಡಿಮೆ. ಹಾಗಾಗಿ ದೂಳು ಎದ್ದರೆ ಆ್ಯಪ್‌ಗೆ ಕಾಯದೆ ಕಿಟಕಿ ಹಾಕಿ, ಇನ್‌ಹೇಲರ್ ಕೈಗೆ ಸಿಗುವಂತಿಡಿ. ತುರ್ತು ಇದ್ದರೆ 112.