ಚೆಕ್ ಡ್ಯಾಂನಿಂದ ಅಂತರ್ಜಲ ಏರಿತೇ? ನೆರೆಯೂರುಗಳ ಲೆಕ್ಕ ಹಾಕುವ ಬಗೆ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಳಲ್ಕೆರೆ ಸೀಮೆಯಲ್ಲಿ ಚೆಕ್ ಡ್ಯಾಂ ಇರುವ ಊರುಗಳ ಕೊಳವೆಬಾವಿಗಳನ್ನೂ ಇಲ್ಲದ ಊರುಗಳವನ್ನೂ ಅಳೆದು, ಎರಡರ ಸರಾಸರಿಯ ವ್ಯತ್ಯಾಸವೇ ಕಟ್ಟೆಯ ಫಲವೆಂದು ಬರೆಯುವುದು ಸುಲಭ; ಆದರೆ ಕಟ್ಟೆ ಕಟ್ಟುವುದೇ ಹಳ್ಳ ಹರಿಯುವ ಕಡೆಯಾದ್ದರಿಂದ, ಆ ವ್ಯತ್ಯಾಸದಲ್ಲಿ ನೆಲದ ಪಾಲೆಷ್ಟೆಂಬುದು ತಿಳಿಯುವುದಿಲ್ಲ.

ಲೆಕ್ಕಕ್ಕೆ ಕೂರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು. ನೆರೆಯೂರುಗಳ ನೀರಿನ ಮಟ್ಟ ಒಂದನ್ನೊಂದು ಹೋಲುವುದು ಮಳೆ, ಬಂಡೆಗಳು ಒಂದೇ ಆಗಿರುವುದರಿಂದಲೋ, ಒಂದೂರಿನ ಕಟ್ಟೆಯ ನೀರು ಇನ್ನೊಂದೂರಿನ ಬಾವಿಯನ್ನು ಮುಟ್ಟುವುದರಿಂದಲೋ? ಹತ್ತಿರದ ಜಾಗಗಳ ಅಳತೆಗಳು ಎಷ್ಟು ಹೋಲುತ್ತವೆಂದು ಅಳೆಯುವ ಮೊರಾನ್ ಸೂಚ್ಯಂಕ ಹೋಲಿಕೆಯಿದೆ ಎಂದಷ್ಟೇ ತೋರಿಸುತ್ತದೆ, ಕಾರಣವನ್ನಲ್ಲ; ಪರಿಹಾರವೋ ಕಾರಣಕ್ಕೆ ತಕ್ಕಂತೆ ಬೇರೆಯಾಗುತ್ತದೆ.

ಹೋಲಿಕೆಗೆ ಕಾರಣ ಒಂದೇ ಬಗೆಯ ಮಳೆ, ಬಂಡೆಗಳಾಗಿದ್ದರೆ, ಅದೇ ಬಾವಿಗಳ ಮೇ ಮತ್ತು ನವೆಂಬರ್ ಅಳತೆಗಳನ್ನು ಕಟ್ಟೆಗೆ ಮೊದಲಿನ ಕೆಲವು ವರ್ಷ ಹಾಗೂ ನಂತರದ ಕೆಲವು ವರ್ಷಗಳಿಗೆ ಜೋಡಿಸಿ, ಶಿಸ್ಟ್ (ಪದರು ಪದರಾದ ಒಂದು ಬಗೆಯ ಬಂಡೆ) ನೆಲದ ಊರನ್ನು ಶಿಸ್ಟ್ ನೆಲದ ಊರಿನೊಡನೆಯೇ ಹೋಲಿಸಿ, ಎರಡೂ ಕಡೆಯ ಏರಿಳಿತದ ನಡುವಿನ ವ್ಯತ್ಯಾಸವನ್ನು ಲೆಕ್ಕಹಾಕಬೇಕು. ವಾಣಿವಿಲಾಸ ಸಾಗರದ ನಾಲೆ ಹರಿಯುವ ಊರುಗಳನ್ನು ಪ್ರತ್ಯೇಕವಾಗಿಡಬೇಕು, ಏಕೆಂದರೆ ನಾಲೆಯ ನೀರೂ ನೆಲಕ್ಕೆ ಇಂಗುತ್ತದೆ. ಕಟ್ಟೆಯ ನಂತರ ಕೊರೆದ ಬಾವಿಗಳ ಸಂಖ್ಯೆಯನ್ನು ಮಾತ್ರ ರಿಗ್ರೆಶನ್‌ಗೆ (ಬೇರೆ ಅಂಶಗಳ ಪ್ರಭಾವವನ್ನು ಕಳೆದು ಒಂದರ ಪರಿಣಾಮವನ್ನು ಅಂದಾಜಿಸುವ ಲೆಕ್ಕಕ್ಕೆ) ಸೇರಿಸಬಾರದು; ನೀರು ಕಂಡ ಮೇಲೆ ರೈತರು ಅಡಿಕೆ ಹಾಕಿ ಬಾವಿ ಕೊರೆಯುವುದು ಕಟ್ಟೆಯದೇ ಪರಿಣಾಮವಾದ್ದರಿಂದ, ಅದನ್ನು ಕಳೆದರೆ ಫಲದ ಒಂದು ಭಾಗವನ್ನೇ ಕಳೆದಂತಾಗುತ್ತದೆ. ಈ ತಪ್ಪು ತೀರ ಸಾಮಾನ್ಯವಾದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ನೀರೇ ಊರಿಂದೂರಿಗೆ ಹೋಗುತ್ತಿದ್ದರೆ ಸಮಸ್ಯೆ ಇನ್ನೂ ಕಠಿಣ. ಕೆಳಗಿನ ಊರಿಗೆ ಇಂಗಿದ ನೀರು ಸಿಕ್ಕರೆ ಕಟ್ಟೆಯ ಫಲ ಕಡಿಮೆಯೆಂದು ತೋರುತ್ತದೆ, ಹಳ್ಳದ ಹರಿವು ತಪ್ಪಿ ಆ ಊರು ಬತ್ತಿದರೆ ಫಲ ಇದ್ದುದಕ್ಕಿಂತ ಹೆಚ್ಚೆಂದು ತೋರುತ್ತದೆ. ಆದ್ದರಿಂದ ಅಂತಹ ಊರನ್ನು ‘ಕಟ್ಟೆಯಿಲ್ಲದ್ದು’ ಎಂದು ಎಣಿಸದೆ ಮೂರನೆಯ ಗುಂಪಾಗಿಸಿ, ಅದರ ಮೇಲಿನ ಪರಿಣಾಮವನ್ನು ಬೇರೆಯಾಗಿ ಅಂದಾಜಿಸಬೇಕು. ದೂರವನ್ನು ನಕ್ಷೆಯ ನೇರ ಗೆರೆಯಲ್ಲಿ ಅಳೆಯದೆ ಹಳ್ಳದ ಜಾಡಿನಲ್ಲಿ ಅಳೆಯುವುದು ಲೇಸು. ಎಷ್ಟು ದೂರದವರೆಗಿನ ಊರುಗಳು ಈ ಗುಂಪಿಗೆ ಎಂಬುದನ್ನು ಫಲಿತಾಂಶ ನೋಡುವ ಮೊದಲೇ ನಿರ್ಧರಿಸಬೇಕು.

ಒಂದೇ ಬಂಡೆಯ ಬಿರುಕಿನಿಂದ ನೀರೆತ್ತುವ ಹತ್ತು ಬಾವಿಗಳು ಹತ್ತು ಪ್ರತ್ಯೇಕ ಸಾಕ್ಷಿಗಳಲ್ಲ. ಇದನ್ನು ಮರೆತರೆ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅನಿಶ್ಚಿತವೆಂಬುದರ ಅಳತೆ) ಸುಳ್ಳೇ ಕಿರಿದಾಗಿ ಬರುತ್ತದೆ. ಒಂದು ಮಿತಿಯೊಳಗಿನ ಬಾವಿಗಳು ಪರಸ್ಪರ ಸಂಬಂಧ ಹೊಂದಿರಬಹುದೆಂದು ಲೆಕ್ಕಕ್ಕೆ ತೆಗೆದುಕೊಳ್ಳುವ, 1999ರಲ್ಲಿ ಅರ್ಥಶಾಸ್ತ್ರಜ್ಞ ಕೊನ್ಲಿ ನೀಡಿದ ವಿಧಾನವನ್ನು ಬಳಸಿ, 2, 5, 10 ಕಿಲೋಮೀಟರ್ ಮಿತಿಗಳ ಮೂರೂ ಉತ್ತರಗಳನ್ನು ಪ್ರಕಟಿಸಬೇಕು. ಕೊನೆಗೆ, ಕಟ್ಟೆಯೇ ಇಲ್ಲದಿದ್ದ ಹಿಂದಿನ ವರ್ಷಗಳಿಗೂ ಅದೇ ಲೆಕ್ಕ ಹಾಕಿ ನೋಡಬೇಕು. ಅಲ್ಲಿಯೂ ‘ಫಲ’ ಕಂಡರೆ ಹೋಲಿಕೆಯ ಊರುಗಳನ್ನು ಮತ್ತೆ ಆರಿಸಬೇಕು.